ಬೆಣ್ಣೆ ಬಿಟ್ಟು ಮಂಡಕ್ಕಿ ಹಿಡಿದವನಿಗೆ

ದಾವಣಗೆರೆ

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ರಕ್ತಪರೀಕ್ಷೆಯ ವರದಿ ಬಂದಾಗಿನಿಂದ ನೀನು ತುಪ್ಪ, ಬೆಣ್ಣೆ, ಕೊನೆಗೆ ಒಗ್ಗರಣೆಯನ್ನೂ ಬಿಟ್ಟಿದ್ದೀಯೆಂದು ನಿನ್ನಮ್ಮ ಹೇಳಿದಳು. ಒಳ್ಳೆಯದೇ. ಆದರೆ ಸಂಜೆ ಹಸಿವಾಯಿತೆಂದು ಮೊರದಷ್ಟು ಮಂಡಕ್ಕಿ ಮುಗಿಸುತ್ತೀಯಂತೆ, ರಾತ್ರಿ ಅನ್ನವನ್ನು ಮತ್ತೊಮ್ಮೆ ಬಡಿಸಿಕೊಳ್ಳುತ್ತೀಯಂತೆ. ಕೊಬ್ಬು ಖಾಲಿ ಮಾಡಿದ ಜಾಗಕ್ಕೆ ಯಾರು ಬಂದು ಕೂತರೆಂದು ನೀನು ನೋಡಿದಂತಿಲ್ಲ.

ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟದಲ್ಲಿ 4. ಇಷ್ಟನ್ನೇ ಓದಿ ಎಣ್ಣೆಯ ಮೇಲೆ ಹಗೆ ಸಾಧಿಸುವವರು ಬಹಳ. ಮಂಡಕ್ಕಿ ಹಗುರ, ಒಪ್ಪುತ್ತೇನೆ. ಆದರೂ ಅದು ಭಟ್ಟಿಯಲ್ಲಿ ಉಬ್ಬಿದ ಅಕ್ಕಿಯೇ. ತೂಕಕ್ಕೆ ತೂಕ ಹಿಡಿದರೆ ಅಕ್ಕಿಗಿಂತ ಕಡಿಮೆಯೇನಲ್ಲ. ನಾರು ತೀರಾ ಕಡಿಮೆಯಾದ್ದರಿಂದ ಬೇಗ ಕರಗಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಬೇಗ ಹಸಿವನ್ನೂ ತರುತ್ತದೆ. ಮೈಗೆ ಬೇಕಾದ್ದಕ್ಕಿಂತ ಹೆಚ್ಚು ಪಿಷ್ಟ, ಸಕ್ಕರೆ ಹೋದರೆ ಯಕೃತ್ತು ಅದನ್ನೇ ಕೊಬ್ಬಾಗಿಸುತ್ತದೆ. ವರದಿಯಲ್ಲಿ ಟ್ರೈಗ್ಲಿಸರೈಡ್ ಎಂಬ ಸಾಲಿದೆಯಲ್ಲ, ರಕ್ತದಲ್ಲಿ ಓಡಾಡುವ ಒಂದು ಬಗೆಯ ಕೊಬ್ಬು, ಅದು ಏರುವ ಒಂದು ದಾರಿ ಇದು. ತುಪ್ಪ ಬಿಟ್ಟು ಬಿಳಿ ಅನ್ನ, ಮೈದಾ, ಸಕ್ಕರೆ ತುಂಬಿಕೊಂಡರೆ ಹೃದಯಕ್ಕೆ ಲಾಭವಿಲ್ಲ. ತುಪ್ಪದ ಜಾಗಕ್ಕೆ ಕಡಲೆಬೀಜವೋ ಸೂರ್ಯಕಾಂತಿ ಎಣ್ಣೆಯೋ ಹದವಾಗಿ ಬಂದರೆ ಕೆಟ್ಟ ಕೊಲೆಸ್ಟ್ರಾಲ್ ಇಳಿಯುತ್ತದೆ.

ಇನ್ನು ನಮ್ಮೂರ ಬೆಣ್ಣೆದೋಸೆ. ಅಕ್ಕಿ, ಉದ್ದಿನ ಜೊತೆ ಹಿಟ್ಟಿಗೆ ಮಂಡಕ್ಕಿಯನ್ನೂ ರುಬ್ಬುತ್ತಾರೆ. ಕಾವಲಿಯಲ್ಲಿ ಬೆಣ್ಣೆ ಕರಗಿ ಅಂಚಿಗೆ ಹರಿದು ಚುರುಚುರು ನೊರೆ ಬಿಡುತ್ತದೆ, ದೋಸೆ ಹೊಂಬಣ್ಣಕ್ಕೆ ತಿರುಗುತ್ತದೆ. ತಟ್ಟೆಗೆ ಬಂದ ಮೇಲೆ ಇನ್ನೊಂದು ಮುದ್ದೆ ಬೆಣ್ಣೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ. ಪಿಷ್ಟವೂ ಕೊಬ್ಬೂ ಒಂದೇ ತಟ್ಟೆಯಲ್ಲಿ! ಬೆಣ್ಣೆಯ ತೂಕದಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಬಗೆಯದು. ದಿನಕ್ಕೆ 2000 ಕ್ಯಾಲೊರಿ ಉಣ್ಣುವವನಿಗೆ ಅಂಥ ಕೊಬ್ಬು 22 ಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಊರಿಗೆ ಬಂದಾಗ ತಿನ್ನಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಒಂದು ತಿನ್ನು, ಆ ರಾತ್ರಿ ಅನ್ನಕ್ಕೆ ಕೈ ಹಾಕಬೇಡ.

ಮನೆಯಲ್ಲಿ ಎಣ್ಣೆಯನ್ನು ಕ್ಯಾನಿನಿಂದ ಸುರಿಯದೆ ಚಮಚದಲ್ಲಿ ಅಳೆದು ಹಾಕು. ಒಂದು ದೊಡ್ಡ ಚಮಚವೆಂದರೆ ಸುಮಾರು 120 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ 2000 ಕ್ಯಾಲೊರಿಯ ಇಡೀ ದಿನದ ಊಟದಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಎಣ್ಣೆ ತುಪ್ಪ ಸೇರಿ 27 ಗ್ರಾಂ, ತರಕಾರಿ 400 ಗ್ರಾಂ. ನಮ್ಮವರ ಮನೆಗಳಲ್ಲಿ ಅಕ್ಕಿ ಅಳತೆ ಮೀರುತ್ತದೆ, ಬೇಳೆ ನೀರಾಗುತ್ತದೆ; ಅದೇ ದೊಡ್ಡ ತಪ್ಪು. ರಾಗಿ, ಜೋಳ ಒಳ್ಳೆಯವೆಂದು ಎರಡೆರಡು ಮುದ್ದೆ ನುಂಗಿದರೂ ಹೊಟ್ಟೆ ಇಳಿಯುವುದಿಲ್ಲ. ಮುದ್ದೆ ಒಂದೇ ಇರಲಿ, ಹುರುಳಿಕಾಳು, ಸೊಪ್ಪಿನ ಸಾರು ಬಟ್ಟಲು ತುಂಬ ಇರಲಿ.

ಸಂಜೆಗೆ ಹುರಿದ ಕಡಲೆಬೀಜ ಒಂದು ಹಿಡಿ ಸಾಕು. ಅದರಲ್ಲೂ ಕೊಬ್ಬಿದೆ, ಹಾಗಾಗಿ ಡಬ್ಬಿಯನ್ನೇ ಮುಂದಿಟ್ಟುಕೊಂಡು ಟಿವಿ ನೋಡಬೇಡ. ಸೊಂಟಕ್ಕೊಮ್ಮೆ ಟೇಪು ಸುತ್ತು. 90 ಸೆಂಟಿಮೀಟರ್ ದಾಟಿದ್ದರೆ ತಕ್ಕಡಿ ಏನೇ ಹೇಳಲಿ, ನಂಬಬೇಡ. ವೈದ್ಯರು ಮಾತ್ರೆ ಬರೆದಿದ್ದರೆ ನನ್ನ ಪತ್ರ ಓದಿ ಅದನ್ನು ಬಿಟ್ಟುಬಿಟ್ಟೀಯೆ, ಜೋಕೆ.

ನಿನ್ನಮ್ಮನ ಕೈಯಲ್ಲಿ ಕಡಲೆಬೀಜ ಕಳಿಸುತ್ತಿದ್ದೇನೆ, ಉಪ್ಪು ಹಾಕಿಲ್ಲ.

ಇಂತಿ ನಿನ್ನ ದೊಡ್ಡಮ್ಮ