ಖಾಲಿಯಾದ ಎರಡು ಕೋಣೆಗಳ ಬಗ್ಗೆ

ತೀರ್ಥರೂಪು ಅಪ್ಪನವರಿಗೆ, ಮಾತೃಶ್ರೀ ಅಮ್ಮನಿಗೆ ನಮಸ್ಕಾರಗಳು.

ಮಹಡಿ ಮೇಲಿನ ಅಣ್ಣನ ಕೋಣೆಯನ್ನು ವ್ಯಾಯಾಮಕ್ಕೆ, ಕೆಳಗಿನ ನನ್ನ ಕೋಣೆಯನ್ನು ಸಾಮಾನು ಇಡುವುದಕ್ಕೆ ಅಂತ ಯೋಚಿಸಿದ್ದೀರಿ ಎಂದು ಬರೆದಿದ್ದಿರಿ. ಕೋಣೆಗಳು ನಿಮ್ಮವು, ಇನ್ನು ಅವು ನಿಮಗೆ ಬೇಕಾದಂತೆಯೇ ಆಗಬೇಕು ಎಂಬುದರಲ್ಲಿ ಅಣ್ಣನಿಗೂ ನನಗೂ ಎರಡು ಮಾತಿಲ್ಲ. ಆದರೆ ಕೆಳಗಿನದನ್ನು ಉಗ್ರಾಣ ಮಾಡುವುದು ಮಾತ್ರ ಬೇಡ. ಮೆಟ್ಟಿಲು ಹತ್ತದೆ ಸೇರಬಹುದಾದ, ಬಚ್ಚಲು ಹೊಂದಿಕೊಂಡ ಕೋಣೆ ಮನೆಯಲ್ಲಿ ಅದೊಂದೇ. ಅದು ನೀವು ಮಲಗುವ ಕೋಣೆಯಾಗಲಿ. ಮಂಡಿ ನೋವು ಶುರುವಾದ ಮೇಲೆ ಅವಸರಕ್ಕೆ ಬಿದ್ದರೆ ಮಂಚ ಕೆಳಗೆ ಬರುತ್ತದೆ ಅಷ್ಟೆ, ಗೋಡೆ, ನೆಲ, ವೈರಿಂಗ್ ಎಲ್ಲ ಇದ್ದ ಹಾಗೇ ಉಳಿಯುತ್ತವೆ. ಮೇಲಿನ ಕೋಣೆ ಅಮ್ಮನ ಹೊಲಿಗೆಗೂ ಅಪ್ಪನ ಪುಸ್ತಕಗಳಿಗೂ ಇರಲಿ. ಹಗಲು ಹೊತ್ತಿನಲ್ಲಿ ಒಂದೆರಡು ಸಲ ಹತ್ತಿ ಇಳಿಯುವುದು ಕಾಲಿಗೆ ಒಳ್ಳೆಯದೇ. ರಾತ್ರಿ ನಿದ್ದೆಗಣ್ಣಲ್ಲಿ ಮೆಟ್ಟಿಲು ಬೇಡ. ಅಲ್ಲಿ ಗೋಡೆಗೆ ಕಟ್ಟಿದ ಕಪಾಟು ಏನೂ ಮಾಡಿಸಬೇಡಿ. ಮುಂದೊಂದು ದಿನ ಎಲ್ಲವನ್ನೂ ಕೆಳಗೆ ತರುವಂತಿರಬೇಕು.

ಮೊದಲು ಎರಡೂ ಕೋಣೆ ಪೂರ್ತಿ ಖಾಲಿಯಾಗಲಿ. ಅರ್ಧ ಸಾಮಾನು ಒಂದು ಮೂಲೆಗೆ ತಳ್ಳಿ ಬಣ್ಣ ಹೊಡೆಸಿದರೆ ಆ ಮೂಲೆಯ ತೇವ ಕಣ್ಣಿಗೇ ಬೀಳುವುದಿಲ್ಲ. ಅಣ್ಣನಿಗೊಂದು, ನನಗೊಂದು ಟ್ರಂಕು ಸಾಕು. ಅದರಲ್ಲಿ ಹಿಡಿಸದ್ದನ್ನು ಕೊಡುವುದೋ ಬಿಡುವುದೋ ಎಂದು ವಿಡಿಯೋ ಕರೆಯಲ್ಲಿ ನಾವೇ ಹೇಳುತ್ತೇವೆ, ನೀವು ಒಬ್ಬೊಬ್ಬರೇ ಕೂತು ತೀರ್ಮಾನಿಸಬೇಕಿಲ್ಲ. ಹಳೆಯ ಆಟಿಕೆ, ಗಡಿಯಾರ, ರಿಮೋಟುಗಳ ಬ್ಯಾಟರಿ ತೆಗೆದುಬಿಡಿ. ಒಳಗೇ ಬಿಟ್ಟರೆ ಸೋರಿ ಲೋಹವನ್ನು ತಿನ್ನುತ್ತದೆ. ಹಳೆಯ ಮೊಬೈಲು, ಲ್ಯಾಪ್‌ಟಾಪುಗಳನ್ನಂತೂ ಟ್ರಂಕಿನಲ್ಲಿ ಮುಚ್ಚಿಡಲೇಬೇಡಿ. ಅವುಗಳ ಲಿಥಿಯಂ ಬ್ಯಾಟರಿ ಉಬ್ಬಿಕೊಂಡರೆ ಬೆಂಕಿಯ ಅಪಾಯ. ಅವು ಇ-ತ್ಯಾಜ್ಯಕ್ಕೆ ಹೋಗಲಿ. ಅಂಕಪಟ್ಟಿ, ಪ್ರಮಾಣಪತ್ರಗಳ ಮೂಲಪ್ರತಿಗಳನ್ನು ಬೇರೆ ಫೈಲಿನಲ್ಲಿಡಿ, ಆದರೆ ಲ್ಯಾಮಿನೇಟ್ ಮಾಡಿಸಬೇಡಿ. ಶಾಖಕ್ಕೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹಾಳಾಗದಂತೆ ಬಿಡಿಸಲು ಆಗುವುದಿಲ್ಲ, ಹಿಂಬದಿಗೆ ಮುದ್ರೆ ಬೇಕಾದಾಗ ಜಾಗವೂ ಇರುವುದಿಲ್ಲ. ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲದ ಬದಲು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ. ಟ್ರಂಕಿಗೆ ಹಾಕುವ ನುಸಿಗುಳಿಗೆಯ ಆವಿ ಉಸಿರಾಟಕ್ಕೆ ಒಳ್ಳೆಯದಲ್ಲ, ಹಾಗಾಗಿ ಆ ಟ್ರಂಕುಗಳು ಮಲಗುವ ಕೋಣೆಯಲ್ಲಿ ಬೇಡ.

ಈಗ ತೇವದ ವಿಷಯ. ಎಲ್ಲರೂ ಇದನ್ನೇ ಬಿಟ್ಟು ನೇರ ಬಣ್ಣಕ್ಕೆ ಹೋಗುತ್ತಾರೆ. ಬಾಗಿಲು ಹಾಕಿಕೊಂಡೇ ಇದ್ದ ಕೋಣೆಯಲ್ಲಿ ಗಾಳಿ ಆಡದೆ ಗೋಡೆ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ. ಕಲೆ ಎಲ್ಲಿದೆ ಎಂಬುದೇ ಕಾರಣದ ಸುಳಿವು ಕೊಡುತ್ತದೆ. ನೆಲದಿಂದ ಮೂರಡಿಯೊಳಗೆ ಉದ್ದಕ್ಕೂ ಬಣ್ಣ ಉಬ್ಬಿ ಬಿಳಿ ಪುಡಿ ಉದುರುತ್ತಿದ್ದರೆ ತೇವ ಪಾಯದಿಂದ ಏರುತ್ತಿದೆ. ಮೇಲಿನ ಮೂಲೆಯಲ್ಲಿದ್ದರೆ ತಾರಸಿ ಅಥವಾ ಪ್ಯಾರಾಪೆಟ್ ಬಿರುಕು. ಬಚ್ಚಲಿನ ಜೊತೆ ಹಂಚಿಕೊಂಡ ಗೋಡೆಯಲ್ಲಿದ್ದರೆ ಪೈಪು ಇಲ್ಲವೇ ಟೈಲ್ಸ್ ಸಂದು. ಅನುಮಾನವಿದ್ದರೆ ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಮುಖ, ಅಂದರೆ ಗೋಡೆಯ ಕಡೆ, ಹನಿ ಕಟ್ಟಿದ್ದರೆ ಗೋಡೆಯೊಳಗೇ ನೀರಿದೆ. ಹೊರಮುಖದಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಕಡಿಮೆಯಾಗುತ್ತದೆ. ಗೋಡೆಯೊಳಗಿನ ನೀರಿಗೆ ಮೂಲ ಹುಡುಕದೆ ವಾಟರ್‌ಪ್ರೂಫ್ ಬಣ್ಣ ಬಳಿಸಿದರೆ ಅದೂ ಸಿಪ್ಪೆ ಏಳುತ್ತದೆ.

ಬಳಸದ ಬಚ್ಚಲಿನಿಂದ ವಾಸನೆ, ಜಿರಲೆ ಬರುವುದಕ್ಕೆ ಹೆಚ್ಚಾಗಿ ಕಾರಣ ಒಂದೇ. ನೆಲದ ಜಾಲರಿಯ ಕೆಳಗಿನ ಟ್ರ್ಯಾಪ್‌ನಲ್ಲಿ, ಅಂದರೆ ಬಾಗಿದ ಪೈಪಿನಲ್ಲಿ, ಚರಂಡಿಯ ವಾಸನೆಯನ್ನು ತಡೆಯಲು ಸದಾ ನಿಂತಿರಬೇಕಾದ ನೀರು ಆರಿಹೋಗಿರುತ್ತದೆ. ವಾರಕ್ಕೊಮ್ಮೆ ಒಂದು ಚೊಂಬು ನೀರು ಹೊಯ್ಯಿರಿ. ಊರಿಗೆ ಹೋಗುವಾಗ ಅದರ ಮೇಲೆ ಒಂದೆರಡು ಚಮಚ ಎಣ್ಣೆ ಬಿಟ್ಟರೆ ನೀರು ಆರುವುದು ನಿಧಾನವಾಗುತ್ತದೆ. ಆ ಬಚ್ಚಲಿನ ನಲ್ಲಿ, ಗೀಸರ್‌ಗಳಲ್ಲಿ ನಿಂತ ನೀರನ್ನೂ ಆಗಾಗ ಹರಿಸಿ ಬಿಡಿ.

ಬಣ್ಣಕ್ಕೆ ಮೊದಲು ಎಲೆಕ್ಟ್ರಿಷಿಯನ್ ಬರಲಿ, ಆಮೇಲೆ ಗೋಡೆ ಕೊರೆದರೆ ಬಣ್ಣ ಹಾಳು. ಸ್ವಿಚ್ಚು ಎಲ್ಲಿ ಬೇಕೆಂದು ತಿಳಿಯಲು ಮಂಚ, ಮೇಜು, ಕಪಾಟಿನ ಅಳತೆಗೆ ಹಳೆಯ ಪೇಪರು ಕತ್ತರಿಸಿ ನೆಲಕ್ಕೆ ಅಂಟಿಸಿ ಒಂದು ವಾರ ಅದರ ಸುತ್ತ ಓಡಾಡಿ. ಎಲ್ಲಿ ಇಕ್ಕಟ್ಟು, ಕಪಾಟಿನ ಬಾಗಿಲು ಎಲ್ಲಿಗೆ ತಾಗುತ್ತದೆ ಎಂಬುದು ಆಗಲೇ ಗೊತ್ತಾಗುತ್ತದೆ.

ಕೆಳಗಿನ ಕೋಣೆಯಲ್ಲಿ ಮಂಚದ ಎರಡೂ ಬದಿಗೆ ಎರಡೂವರೆ ಅಡಿ, ಮಂಚದಿಂದ ಬಚ್ಚಲಿಗೆ ಮೂರಡಿ ಅಗಲದ ನೇರ ದಾರಿ ಇರಲಿ. ಹಾಸಿಗೆಯೂ ಸೇರಿ ಎತ್ತರ 18ರಿಂದ 20 ಇಂಚು. ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲ ಮುಟ್ಟಬೇಕು. ಅಮ್ಮನಿಗೆ ಮುಟ್ಟದಿದ್ದರೆ ಮಂಚದ ಕಾಲು ಕತ್ತರಿಸಿ, ಕಾಲ್ಮಣೆ ಇಡಬೇಡಿ, ರಾತ್ರಿ ಎಡವುತ್ತೀರಿ. ದೀಪಕ್ಕೆ ಬಾಗಿಲ ಹತ್ತಿರ ಒಂದು, ದಿಂಬಿನ ಹತ್ತಿರ ಒಂದು, ಹೀಗೆ ಟೂ-ವೇ ಸ್ವಿಚ್ಚು. ನೆಲದಿಂದ ಒಂದಡಿ ಎತ್ತರದಲ್ಲಿ, ಕಾಲು ಸದ್ದಿಗಲ್ಲದೆ ಚಲನೆಗೆ ಹತ್ತುವ ಸಣ್ಣ ದೀಪವೊಂದು ಬೇಕು. ಕಾಲೊರಸು, ಜಮಖಾನ ಆ ದಾರಿಯಲ್ಲಿ ಬೇಡ.

ಬಚ್ಚಲ ಬಾಗಿಲು ಹೊರಕ್ಕೆ ತೆರೆಯುವಂತೆ ಬದಲಿಸಿ. ಒಳಗೆ ಯಾರಾದರೂ ಬಿದ್ದು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ. ಚಿಲಕವೂ ಹೊರಗಿನಿಂದ ತೆಗೆಯಲು ಬರುವಂಥದ್ದು ಹಾಕಿಸಿ. ಹಿಡಿಕಂಬಿ ಒಂದೂಕಾಲರಿಂದ ಒಂದೂವರೆ ಇಂಚು ದಪ್ಪ, ಗೋಡೆಗೂ ಕಂಬಿಗೂ ನಡುವೆ ಒಂದೂವರೆ ಇಂಚು ಸಂದು. ಟವೆಲ್ ಹಾಕುವ ಕಂಬಿ ಮನುಷ್ಯರ ಭಾರ ತಾಳುವುದಿಲ್ಲ, ರಬ್ಬರ್ ಬಟ್ಟಲಿನಿಂದ ಅಂಟಿಸುವ ಕಂಬಿ ಒದ್ದೆಯಲ್ಲಿ ಕಳಚುತ್ತದೆ. ಸ್ಕ್ರೂ ಟೈಲ್ಸ್, ಗಾರೆ ದಾಟಿ ಇಟ್ಟಿಗೆಯೊಳಗೆ ಹೋಗಬೇಕು, ಅಪ್ಪ ಕೆಲಸದವನ ಹತ್ತಿರ ನಿಂತು ಇದನ್ನು ನೋಡಿ. ಮುಗಿದ ಮೇಲೆ ನೀವೇ ಜೋತುಬಿದ್ದು ಎಳೆದು ಪರೀಕ್ಷಿಸಿ. ಹೊಸಿಲಿನ ಎತ್ತರಕ್ಕೆ ಇಳಿಜಾರು ಮಾಡಿಸುವುದಾದರೆ ಒಂದು ಇಂಚಿಗೆ ಒಂದಡಿ ಉದ್ದ.

ಅಮ್ಮ, ನಿನ್ನ ಹೊಲಿಗೆ ಯಂತ್ರದ ಎಡಕ್ಕೆ ಕಿಟಕಿ ಬರಲಿ. ಸೂಜಿಯ ಎಡಗಡೆ ತೆರೆದಿರುವುದರಿಂದ ಬೆಳಕು ನೇರ ಬಟ್ಟೆಯ ಮೇಲೆ ಬೀಳುತ್ತದೆ. ಟ್ಯೂಬ್‌ಲೈಟು ಬೆನ್ನ ಹಿಂದಿದ್ದರೆ ನಿನ್ನ ನೆರಳೇ ಅಡ್ಡ. ವಯಸ್ಸಾದಂತೆ ಕಣ್ಣಿಗೆ ಹೆಚ್ಚು ಬೆಳಕು ಬೇಕಾಗುತ್ತದೆ, ಕಪ್ಪು ಬಟ್ಟೆಯಲ್ಲಿ ಕಪ್ಪು ದಾರ ಕಾಣದಿದ್ದರೆ ಕನ್ನಡಕದ ನಂಬರನ್ನೇ ದೂರಬೇಡ. 4000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ), ಸಿಆರ್‌ಐ (ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಎಂಬ ಅಂಕ) 90ಕ್ಕೆ ಮೇಲಿರುವ ಎಲ್‌ಇಡಿ ಕೇಳಿ ತರಿಸು. ಬಣ್ಣಗಳು ಇದ್ದ ಹಾಗೇ ಕಾಣುತ್ತವೆ. ಕತ್ತರಿಸುವ ಮೇಜು 34ರಿಂದ 36 ಇಂಚು ಎತ್ತರ, ನಾಲ್ಕಡಿಗೆ ಎರಡೂವರೆ ಅಡಿ, ಮಡಚುವ ಕಾಲಿನದು. ನೆಲದಲ್ಲಿ ಬಗ್ಗಿ ಬಟ್ಟೆ ಕತ್ತರಿಸುವುದು ನಿನ್ನ ಸೊಂಟಕ್ಕೆ ಇನ್ನು ಸಾಕು. ಕುರ್ಚಿಗೆ ಗಾಲಿ ಬೇಡ. ಇಸ್ತ್ರಿಪೆಟ್ಟಿಗೆಗೆ ಅರ್ಥಿಂಗ್ ಇರುವ ಬೇರೆ ಸಾಕೆಟ್ ಹಾಕಿಸಿ, ಎಕ್ಸ್‌ಟೆನ್ಷನ್ ವೈರಿನಲ್ಲಿ ಎಳೆಯಬೇಡಿ.

ಅಪ್ಪ, ಪುಸ್ತಕದ ಭಾರವನ್ನು ಎಲ್ಲರೂ ಕಡಿಮೆ ಅಂದಾಜು ಮಾಡುತ್ತಾರೆ. ಒಂದು ಮೀಟರ್ ಉದ್ದಕ್ಕೆ 20ರಿಂದ 30 ಕಿಲೋ. ಎರಡೂವರೆ ಅಡಿ ಅಗಲದ, ಆರು ಹಲಗೆಯ ಕಪಾಟು ತುಂಬಿದರೆ ನೂರು ಕಿಲೋ ದಾಟಬಹುದು. 18 ಮಿಲಿಮೀಟರ್ ಪ್ಲೈವುಡ್ ಆದರೆ ಎರಡೂವರೆ ಅಡಿಗೊಂದು ಆಧಾರ, ಪಾರ್ಟಿಕಲ್ ಬೋರ್ಡ್ (ಮರದ ಚೂರು ಒತ್ತಿ ಮಾಡಿದ ಹಲಗೆ) ಆದರೆ ಎರಡಡಿಗೇ. ಮುಂಭಾಗದ ಅಂಚಿಗೆ ಒಂದೂವರೆ ಇಂಚಿನ ಮರದ ಪಟ್ಟಿ ಹೊಡೆಸಿದರೆ ಹಲಗೆ ಬಾಗುವುದು ಬಹಳ ಕಡಿಮೆಯಾಗುತ್ತದೆ. ಆಳ ಹತ್ತು ಇಂಚು ಸಾಕು. ಹೆಚ್ಚಾದರೆ ಎರಡು ಸಾಲು ಪುಸ್ತಕ ಇಡುತ್ತೀರಿ, ಹಿಂದಿನ ಸಾಲು ಮರೆತೇ ಹೋಗುತ್ತದೆ. ಕಪಾಟು ಕೋಣೆಯ ನಡುವೆ ಬೇಡ, ಕೆಳಗೆ ತೊಲೆ ಇರುವ ಗೋಡೆಯ ಪಕ್ಕ ಇರಲಿ, ಗೋಡೆಯಿಂದ ಎರಡು ಇಂಚು ಬಿಟ್ಟು. ಮೇಲ್ತುದಿಯನ್ನು ಮಾತ್ರ ಎಲ್ ಕ್ಲಾಂಪಿನಿಂದ ಗೋಡೆಗೆ ಬಿಗಿಸಿ, ಮೇಲಿನ ಹಲಗೆಯ ಪುಸ್ತಕ ಎಳೆಯುವಾಗ ಕಪಾಟು ಮುಂದಕ್ಕೆ ವಾಲಬಾರದು.

ಟ್ರೆಡ್‌ಮಿಲ್ ಯೋಚನೆ ಬಿಡಿ. ಬಿದ್ದರೆ ಪೆಟ್ಟಾಗದಂತೆ ಅದರ ಹಿಂದೆ ಆರೂವರೆ ಅಡಿ, ಪಕ್ಕಗಳಲ್ಲಿ ಒಂದೂವರೆ ಅಡಿ ಖಾಲಿ ಬೇಕು, ಅರ್ಧ ಕೋಣೆ ಅದಕ್ಕೇ ಹೋಗುತ್ತದೆ. ಯೋಗಕ್ಕೆ ಮೇಜು ಮಡಚಿದರೆ ಆಯಿತು.

ನಾವು ಬಂದಾಗ ಎಲ್ಲಿ ಮಲಗುತ್ತೇವೆ ಎಂದು ಅಮ್ಮ ಕೇಳಿದ್ದಕ್ಕೂ ಅದೇ ಉತ್ತರ. ಒಬ್ಬರಿಗೆ ಆರೂವರೆ ಅಡಿಗೆ ಮೂರಡಿ ಜಾಗ ಸಾಕು. ಮೂರು ಮಡಿಕೆಯ ಹಾಸಿಗೆ ಎರಡು ತೆಗೆದಿಡಿ. ವರ್ಷದಲ್ಲಿ ಕೆಲವೇ ದಿನ ಬರುವ ನಮಗಾಗಿ ಉಳಿದ ದಿನವೆಲ್ಲ ಒಂದು ಕೋಣೆ ಬಾಗಿಲು ಹಾಕಿಕೊಂಡು ಕಾಯಬಾರದು.

ಕೆಲಸ ಶುರುಮಾಡುವ ಮೊದಲು ಮೂರು ಅಳತೆ ಕಳಿಸಿ: ಬಚ್ಚಲ ಬಾಗಿಲನ್ನು ತೊಂಬತ್ತು ಡಿಗ್ರಿ ತೆರೆದಾಗ ಬಾಗಿಲಿಗೂ ಎದುರಿನ ಚೌಕಟ್ಟಿಗೂ ನಡುವಿನ ಅಂತರ, ಅದು 32 ಇಂಚಿಗಿಂತ ಕಡಿಮೆ ಇದ್ದರೆ ಚೌಕಟ್ಟನ್ನೇ ಬದಲಿಸುವ ಮಾತಾಡಬೇಕು, ಮೇಲಿನ ಕೋಣೆಯ ಕಿಟಕಿ ನೆಲದಿಂದ ಎಷ್ಟು ಎತ್ತರ, ಮೆಟ್ಟಿಲು ತಿರುಗುವಲ್ಲಿ ಎಷ್ಟು ಅಗಲ, ಕಪಾಟನ್ನು ಇಡಿಯಾಗಿ ಹತ್ತಿಸಬಹುದೋ ಬಿಡಿಭಾಗಗಳಾಗಿ ತಂದು ಮೇಲೆ ಜೋಡಿಸಬೇಕೋ ಎಂಬುದು ಅದರ ಮೇಲಿದೆ. ಗೋಡೆಯ ಕಲೆಗಳ ಫೋಟೋ ಹಗಲಿನಲ್ಲಿ, ಪಕ್ಕದಲ್ಲಿ ಟೇಪು ಹಿಡಿದು ತೆಗೆಯಿರಿ.

ಇಂತಿ ನಿಮ್ಮ ಪ್ರೀತಿಯ
ಮಗಳು