ಭಾನುವಾರದ ರಕ್ತ ಪರೀಕ್ಷೆ: ಸೂಜಿ ಬಗ್ಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಭಾನುವಾರ ಕೋಲಾರದ ನಮ್ಮ ಬಡಾವಣೆಯಲ್ಲೇ ಶುಗರ್ ಪರೀಕ್ಷೆಗೆ ರಕ್ತ ತೆಗೆಯುತ್ತಾರೆ. ಸೂಜಿಯಿಂದ ಎಚ್‌ಐವಿ ಬಂದರೆ ಏನು ಗತಿ ಅಂತ ಕೆಲವರು ನನಗೆ ಬೇರೆಯಾಗಿ ಮೆಸೇಜ್ ಮಾಡಿದ್ದಾರೆ. ಕೇಳಿದ್ದು ಒಳ್ಳೆಯದೇ ಆಯ್ತು.

ಹೊಸ ಸೂಜಿಯಿಂದ ಬರುವುದಿಲ್ಲ. ಒಬ್ಬರಿಗೆ ಚುಚ್ಚಿದ್ದನ್ನೇ ಇನ್ನೊಬ್ಬರಿಗೆ ಚುಚ್ಚಿದರೆ ಮಾತ್ರ ಅಪಾಯ. ಅದಕ್ಕೇ ಸೀಲ್ ಇರುವ ಪ್ಯಾಕೆಟ್ಟನ್ನು ಕಣ್ಣೆದುರೇ ಒಡೆಯಲು ಹೇಳಿ, ಸಂಕೋಚ ಬೇಡ. ಬೆರಳಿಗೆ ಚುಚ್ಚುವ ಲ್ಯಾನ್ಸೆಟ್‌ಗೂ ಇದೇ ಮಾತು. ತೋಳಿಗೆ ಕಟ್ಟುವ ರಬ್ಬರ್ ಪಟ್ಟಿ ಎಲ್ಲರಿಗೂ ಒಂದೇ ಇರಬಹುದು, ಅದರಿಂದ ಎಚ್‌ಐವಿ ಹರಡಲ್ಲ.

ಬಳಸಿದ ಸೂಜಿ ಚುಚ್ಚಿತು ಅಂತ ನಿಜಕ್ಕೂ ಅನುಮಾನ ಬಂದರೆ ತಕ್ಷಣ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸೋಂಕು ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ರಾತ್ರಿಯಿಡೀ ಯೂಟ್ಯೂಬ್ ನೋಡಿ ಸುಮ್ನೆ ಹೆದರುವ ಬದಲು ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಕರೆಗೆ ದುಡ್ಡು ಬೀಳಲ್ಲ.

ಬೆಳಗ್ಗೆ 7ಕ್ಕೆ ಖಾಲಿ ಹೊಟ್ಟೆಯಲ್ಲಿ ಬನ್ನಿ. ಕಾಫಿಯೂ ಬೇಡ.