ಕೆಲಸ ಹೋಗಿದ್ದು ಈ ವರ್ಷ, ಕೇಳೋದು ಹಳೇ ವರ್ಷದ ಆದಾಯ

ಮಾನ್ಯ ಸಂಪಾದಕರೇ,

ಆರ್ಥಿಕ ಹಿಂಜರಿತ ಅಂದ್ರೆ ಪೇಪರ್ ತುಂಬಾ ಷೇರು ಮಾರ್ಕೆಟ್ಟು, ಬ್ಯಾಂಕು, ಲೇಆಫು, ಇದೇ ಸುದ್ದಿ. ಕಾಲೇಜಲ್ಲಿ ಓದ್ತಿರೋ ಮಕ್ಕಳ ಫೀಸ್ ಗತಿ ಏನು ಅಂತ ಯಾರೂ ಅಷ್ಟಾಗಿ ಕೇಳಲ್ಲ, ಅದಕ್ಕೇ ಬರೀತಿದೀನಿ.

ಕೆಲಸ ಸಿಗದಿದ್ದಾಗ ಜನ ಓದೋಕೆ ಬರ್ತಾರೆ ಅನ್ನೋದು ನಿಜಾನೇ, 2008ರ ಕುಸಿತ ಆದ್ಮೇಲೆ ಅಮೆರಿಕದಲ್ಲಿ ಕಾಲೇಜು ಸೇರೋರು ಜಾಸ್ತೀನೇ ಆದ್ರು. ಆದ್ರೆ ಅದೇ ಹೊತ್ತಿಗೆ ಅಲ್ಲಿನ ರಾಜ್ಯಗಳಿಗೆ ತೆರಿಗೆ ಬರೋದು ಕಮ್ಮಿಯಾಗಿ ಸರ್ಕಾರಿ ಯೂನಿವರ್ಸಿಟಿಗಳ ಅನುದಾನಕ್ಕೆ ಕತ್ತರಿ ಬಿತ್ತು, ಅದನ್ನ ತುಂಬಿಸ್ಕೊಂಡಿದ್ದು ಯಾರ ಜೇಬಿಂದ ಹೇಳಿ? ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ 2009ರ ನವೆಂಬರಲ್ಲಿ ಎರಡು ಕಂತಲ್ಲಿ ಒಟ್ಟು 32 ಪರ್ಸೆಂಟ್ ಫೀಸ್ ಏರಿಸೋಕೆ ತೀರ್ಮಾನ ಮಾಡ್ತು. ಇಂಗ್ಲೆಂಡಲ್ಲಿ 2012ರಲ್ಲಿ ವರ್ಷದ ಫೀಸ್ ಮಿತಿ 3,375 ಪೌಂಡಿಂದ 9,000 ಪೌಂಡಿಗೆ ಹೋಯ್ತು. ಸಾಲ ಕೊಡ್ತೀವಲ್ಲ ಅಂದ್ರು, ಸರಿ, ತೀರಿಸೋರು ಮಕ್ಕಳೇ ತಾನೇ. ಅಂದ್ರೆ ಮನೇಲಿ ದುಡ್ಡು ಓಡಾಡೋ ಕಾಲದಲ್ಲಿ ಫೀಸ್ ಕಮ್ಮಿ, ಇಲ್ಲದಾಗ ಜಾಸ್ತಿ, ಇದ್ಯಾವ ನ್ಯಾಯ!

ನನಗೆ ಎಲ್ಲಕ್ಕಿಂತ ಸಿಟ್ಟು ಬರೋದು ಫೀಸ್ ಕಟ್ಟೋಕೆ ಕೊಡೋ ನೆರವಿನ ಲೆಕ್ಕ ನೋಡಿ. ಅಪ್ಪನ ಕೆಲಸ ಹೋಗಿರೋದು ಈಗ, ಆದ್ರೆ ಅರ್ಜಿ ಕೇಳೋದು ಹಳೇ ಆದಾಯ. ಅಮೆರಿಕದ ಕೇಂದ್ರ ಸರ್ಕಾರದ ನೆರವಿನ ಅರ್ಜಿಯಲ್ಲಂತೂ ಎರಡು ವರ್ಷ ಹಿಂದಿನ ತೆರಿಗೆ ಲೆಕ್ಕ ನೋಡ್ತಾರೆ, ಕಾಗದದ ಮೇಲೆ ಅವ್ರು ಇನ್ನೂ ಅನುಕೂಲಸ್ಥರೇ. ಪರಿಸ್ಥಿತಿ ಬದಲಾಗಿದೆ ಅಂತ ದಾಖಲೆ ಕೊಟ್ರೆ ಕಾಲೇಜಿನ ಅಧಿಕಾರಿ ಲೆಕ್ಕ ಬದಲಾಯಿಸ್ಬಹುದು ಅಂತ ಕಾನೂನಲ್ಲಿದೆ, ಆದ್ರೆ ಹಾಗೆ ಕೇಳ್ಬಹುದು ಅಂತ ಮನೇಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿರೋ ಹುಡುಗಿಗೆ ಯಾರು ಹೇಳ್ಬೇಕು? ಇತ್ತ ಪಾರ್ಟ್ ಟೈಮ್ ಮಾಡಿ ಹೇಗೋ ಸರಿದೂಗಿಸೋಣ ಅಂದ್ರೆ ಇಂಥ ಹೊತ್ತಲ್ಲಿ ಆ ಕೆಲಸಗಳೂ ಸುಲಭವಾಗಿ ಸಿಗಲ್ಲ. ಕೊನೆಗೆ ಒಂದು ಸೆಮಿಸ್ಟರ್ ಬಿಟ್ಟು ಆಮೇಲೆ ಬರ್ತೀನಿ ಅಂತ ಹೋದವ್ರಲ್ಲಿ ಎಷ್ಟೋ ಜನ ವಾಪಸ್ ಬರೋದೇ ಇಲ್ಲ.

ಆದಾಯ ಬಿದ್ದ ಕೂಡ್ಲೇ, ವರ್ಷದ ಮಧ್ಯದಲ್ಲೇ ನೆರವನ್ನ ಮತ್ತೆ ಲೆಕ್ಕ ಹಾಕ್ಲಿ, ಹಾಗೆ ಕೇಳ್ಬಹುದು ಅಂತ ಫೀಸ್ ನೋಟಿಸಲ್ಲೇ ದಪ್ಪ ಅಕ್ಷರದಲ್ಲಿ ಹಾಕ್ಲಿ. ಈಗಾಗ್ಲೇ ಸೇರಿರೋರಿಗೆ ಕೋರ್ಸ್ ಮುಗಿಯೋವರೆಗೂ ಫೀಸ್ ಏರಿಸ್ಬಾರದು. ಸಾಲ ಅಂತೀರಾ, ಆಸ್ಟ್ರೇಲಿಯಾದಲ್ಲಿ 1989ರಿಂದಾನೇ ಸಂಪಾದನೆ ಇಂತಿಷ್ಟು ದಾಟಿದ ಮೇಲೆ ಮಾತ್ರ ವಾಪಸ್ ಕಟ್ಟೋ ಪದ್ಧತಿ ಇದೆ, ಬೇರೆಯವ್ರಿಗೆ ಯಾಕಾಗಲ್ಲ?

ಇಂತಿ,
ಒಬ್ಬ ಓದುಗ